ಎರಡು ಕಾಯಿ ತೂಕದ ಗಾಳಿಯಂತ್ರ

ಆ ಕೋಳಿಯ ಎಲುಬು ಇನ್ನೊಂದು ನಿಮಿಷ ಬಾಯಿಯಲ್ಲೇ ಇದ್ದಿದ್ದರೆ ಚೆನ್ನಪ್ಪನ ಮಾತು ಹೊರಗೆ ಬರುತ್ತಿರಲಿಲ್ಲ. ದುರದೃಷ್ಟವಶಾತ್ ಅವನು ಅದನ್ನು ಆಗಷ್ಟೇ ತೆಗೆದು ಬಟ್ಟಲಿನ ಅಂಚಿಗೆ ಇಟ್ಟಿದ್ದ.

ಅಂದು ಭಾನುವಾರ. ಬಂದ್ಯೋಡಿನ ಹೆದ್ದಾರಿ ಬದಿಯ ಚೆನ್ನಪ್ಪನ ಮನೆಯಲ್ಲಿ ಕೋಳಿಸಾರಿನ ಕೋರಿರೊಟ್ಟಿ. ಹೆಂಡತಿ ಮನೋರಮೆಯ ತಮ್ಮ ಉದಯಶಂಕರ ಗಲ್ಫಿನಿಂದ ಎರಡು ತಿಂಗಳ ರಜೆಯಲ್ಲಿ ಬಂದಿದ್ದ. ಅವನು ಅಲ್ಲಿ ಗಾಳಿಯಂತ್ರದ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್. ಸ್ಟೋರಿನ ಬಾಗಿಲಲ್ಲಿ ಕುಳಿತೇ ಅವನು ಗಾಳಿಯಂತ್ರದ ವಿಷಯವನ್ನೆಲ್ಲ ಅರೆದು ಕುಡಿದಿದ್ದನೆಂದು ಅವನ ಅಭಿಪ್ರಾಯ.

"ಭಾವ, ಆ ಕಂಬದ ತುದಿಯಲ್ಲಿ ಜನರೇಟರು ಉಂಟಲ್ಲ, ಅದರ ತೂಕ ಗೊತ್ತುಂಟಾ ನಿಮಗೆ? ನಾಲ್ಕೈದು ಬಸ್ಸು ಒಟ್ಟು ಮಾಡಿದಷ್ಟು. ಎಲ್ಲ ತಾಮ್ರ, ಕಬ್ಬಿಣ, ಅಯಸ್ಕಾಂತ. ಒಂದು ಬೇರಿಂಗು ಹೋಯ್ತು ಅಂತ ಇಟ್ಟುಕೊಳ್ಳಿ, ಅದನ್ನು ಇಳಿಸಲಿಕ್ಕೆ ಕ್ರೇನು ಬರಬೇಕು. ಆ ಕ್ರೇನು ಬರಲಿಕ್ಕೆ ರಸ್ತೆ ಮಾಡಬೇಕು. ದೊಡ್ಡ ದೊಡ್ಡ ಇಂಜಿನಿಯರುಗಳು ತಲೆ ಕೆಡಿಸಿಕೊಂಡು ಕೂತಿದ್ದಾರೆ. ಅದನ್ನು ಹಗುರ ಮಾಡುವವ ಇನ್ನೂ ಹುಟ್ಟಲಿಲ್ಲ."

"ಹುಟ್ಟಿ ಐವತ್ತಾರು ವರ್ಷ ಆಯ್ತು" ಎಂದ ಚೆನ್ನಪ್ಪ.

ಮನೋರಮೆ ಸಾರಿನ ಸೌಟನ್ನು ಅರ್ಧದಲ್ಲೇ ನಿಲ್ಲಿಸಿದಳು. ಗಂಡನ ಈ ಧಾಟಿ ಅವಳಿಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಪಂಪಿನ ಮೋಟರುಗಳಿಗೆ ತಂತಿ ಸುತ್ತುತ್ತಾ ಬಂದ ಮನುಷ್ಯ. ಮಂಗಲ್ಪಾಡಿ ಪಂಚಾಯತಿನಲ್ಲಿ ಅವನು ಸುತ್ತಿದ ಮೋಟರು ಎರಡನೇ ಸಲ ಸುಟ್ಟ ಉದಾಹರಣೆ ಇಲ್ಲ. ಆ ಹೆಮ್ಮೆ ಅಂಗಡಿಯ ಒಳಗಿದ್ದಷ್ಟು ಹೊತ್ತು ಯಾರಿಗೂ ಉಪದ್ರವಿರಲಿಲ್ಲ. ಊಟದ ಮೇಜಿಗೆ ಬಂದಾಗ ಮಾತ್ರ ಅವಳಿಗೆ ತಲೆನೋವು.

"ಕೇಳು ಉದಯ" ಎಂದು ಚೆನ್ನಪ್ಪ ಎಂಜಲು ಕೈಯನ್ನೇ ಎತ್ತಿದ. "ನೀನು ರಜೆ ಮುಗಿಸಿ ಹೋಗುವ ಮೊದಲು ಈ ಮನೆಯಲ್ಲಿ ಗಾಳಿಯ ಕರೆಂಟಿನಿಂದ ಒಂದು ಫ್ಯಾನು ತಿರುಗಿಸ್ತೇನೆ. ಕ್ರೇನು ಬೇಡ, ಇಂಜಿನಿಯರು ಬೇಡ. ಫ್ಯಾನು ತಿರುಗುವಷ್ಟು ದಿನ ನನ್ನ ಅಂಗಡಿಯ ಬೋರ್ಡು ಅದರ ಜಾಗದಲ್ಲಿ ಇರ್ತದೆ. ತಿರುಗದಿದ್ದರೆ ನಾನೇ ಏಣಿ ಇಟ್ಟು ಬೋರ್ಡು ಇಳಿಸ್ತೇನೆ. ಮತ್ತೆ ಮೋಟರು ಮುಟ್ಟುವುದಿಲ್ಲ."

ಅಂಗಡಿಯೆಂದರೆ ಮನೆಯ ಎದುರಿನ ಶೆಡ್ಡು. ಹೆದ್ದಾರಿ ಅಗಲ ಮಾಡುವಾಗ ಹಳೆಯ ಅಂಗಡಿ ಹೋಗಿ, ಉಳಿದದ್ದು ಮಗಳ ಹೆಸರಿನ ತಗಡಿನ ಬೋರ್ಡು ಒಂದೇ: 'ಜ್ಯೋತ್ಸ್ನಾ ವೈಂಡಿಂಗ್ ವರ್ಕ್ಸ್'. ಅದನ್ನು ಅವನು ಪ್ರತಿ ಶುಕ್ರವಾರ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಅಂಥ ಬೋರ್ಡನ್ನು ಒಂದು ಕೋಳಿ ಎಲುಬಿನ ಮೇಲೆ ಪಣಕ್ಕಿಟ್ಟ ಗಂಡನನ್ನು ನೋಡಿ ಮನೋರಮೆ, "ಸಾರು ಬೇಕಾ?" ಎಂದು ಕೇಳಿದಳು.

ಮರುದಿನವೇ ಕೆಲಸ ಶುರುವಾಯಿತು. ಲಾರಿಯೊಂದರ ರೇಡಿಯೇಟರ್ ಫ್ಯಾನಿನ ಮೋಟರು ಬಿಚ್ಚಿ, ಹಳೆಯ ತಂತಿ ಕಿತ್ತು, ಸಪೂರ ತಂತಿಯನ್ನು ಹೆಚ್ಚು ಸುತ್ತು ಸುತ್ತಿ, ನಿಧಾನಕ್ಕೆ ತಿರುಗಿದರೂ ಕರೆಂಟು ಕೊಡುವ ಜನರೇಟರನ್ನು ಚೆನ್ನಪ್ಪ ಹತ್ತೇ ದಿನದಲ್ಲಿ ಮಾಡಿದ. ಕೆಲಸ ಅಪ್ಪಟವಾಗಿತ್ತು. ಪಿವಿಸಿ ಪೈಪು ಸೀಳಿ ಮೂರು ರೆಕ್ಕೆ. ಗಾಳಿಯ ಕಡೆಗೆ ಮುಖ ಮಾಡಿಸಲು ಹಿಂದೆ ಒಂದು ತಗಡಿನ ಬಾಲ. ಬ್ಯಾಟರಿಯ ಕರೆಂಟು ವಾಪಸು ಮೇಲಕ್ಕೆ ಹೋಗದಂತೆ ತಡೆಯಲು ಒಂದು ಡಯೋಡು, ಅದು ಬಿಸಿಯಾಗದಂತೆ ಅಂಗೈಯಗಲದ ದಪ್ಪ ಅಲ್ಯೂಮಿನಿಯಂ ತಟ್ಟೆ. ಕಂಬಕ್ಕೆ ಖರ್ಚು ಮಾಡುವುದು ಬೇಡವೆಂದು ಬಾವಿಕಟ್ಟೆಯ ತೆಂಗಿನಮರವನ್ನೇ ಗೊತ್ತು ಮಾಡಿದ.

"ನನ್ನ ಮರದ ಒಂದು ಗರಿ ಬಾಡಿದರೂ ನಾನು ಸುಮ್ಮನಿರುವುದಿಲ್ಲ" ಎಂದು ಮನೋರಮೆ ಎಚ್ಚರಿಸಿದಳು.

ಮರ ಹತ್ತುವವನು ಜಯಪಾಲ. ಬಂದ್ಯೋಡಿನಲ್ಲಿ ಮರ ಹತ್ತುವವರು ಈಗ ಬೆರಳೆಣಿಕೆಯಷ್ಟು. ಹಾಗಾಗಿ ಅವನ ಗತ್ತು ಯಾವ ಕ್ರೇನಿಗೂ ಕಡಿಮೆಯಿರಲಿಲ್ಲ. ಅವನು ಬಂದು, ಯಂತ್ರವನ್ನು ಕಾಲಿನಲ್ಲಿ ಸ್ವಲ್ಪ ನೂಕಿ ನೋಡಿ, ತಲೆ ಅಲ್ಲಾಡಿಸಿದ.

"ಆಗುವುದಿಲ್ಲ ಚೆನ್ನಪ್ಪಣ್ಣ."

"ಹಗ್ಗದಲ್ಲಿ ಎಳೆದುಕೊಂಡರಾಯ್ತಲ್ಲ ಮಾರಾಯ."

"ಎಳೆಯಬಹುದು. ಮೇಲೆ ಹೋದ ಮೇಲೆ? ಒಂದು ಕೈಯಲ್ಲಿ ಮರ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಇದನ್ನು ಹಿಡಿಯಬೇಕು, ಬೋಲ್ಟು ತೂರಿಸಬೇಕು. ನನ್ನ ಒಂದು ಕೈಗೆ ಎಷ್ಟು ತಡೀತದೋ ಅಷ್ಟೇ ತೂಕ ಇರಬೇಕು."

"ಎಷ್ಟು ಕಿಲೋ ತಡೀತದೆ?"

"ಕಿಲೋ ಗಿಲೋ ನನಗೆ ಹೇಳಬೇಡಿ. ಎರಡು ತೆಂಗಿನಕಾಯಿ. ಸಿಪ್ಪೆ ಸಮೇತ."

ಅಷ್ಟು ಹೇಳಿ ಜಯಪಾಲ ಮರ ಹತ್ತಿ, ತಾನೇ ಎರಡು ಬಲಿತ ಕಾಯಿ ಆರಿಸಿ ಕೆಳಗೆ ಹಾಕಿದ. ಯಾರೂ ಬದಲಾಯಿಸಬಾರದೆಂದು ಎರಡಕ್ಕೂ ಎಲೆಯಡಿಕೆ ಚೀಲದ ಸುಣ್ಣದಿಂದ ಗುರುತು ಹಾಕಿದ. "ಈ ಎರಡು ಕಾಯಿಗಿಂತ ಒಂದು ಬೆಟ್ಟಡಿಕೆಯಷ್ಟು ಹೆಚ್ಚಾದರೂ ನಾನು ಮುಟ್ಟುವುದಿಲ್ಲ" ಎಂದ. ಒಪ್ಪಂದ ಎಂದರೆ ಹೀಗೆ ಸ್ಪಷ್ಟವಾಗಿರಬೇಕೆಂದು ಚೆನ್ನಪ್ಪನಿಗೂ ಮೆಚ್ಚುಗೆಯಾಯಿತು.

ಅಂಗಡಿಯಲ್ಲಿ ಹಳೆ ತಾಮ್ರ ತೂಗುವ ತಕ್ಕಡಿ ಇತ್ತು. ಅದರ ಒಂದು ತಟ್ಟೆಯಲ್ಲಿ ಆ ಎರಡು ಕಾಯಿ ಕೂತವು, ಇನ್ನೊಂದರಲ್ಲಿ ಯಂತ್ರ ಕೂತಿತು. ಯಂತ್ರದ ತಟ್ಟೆ ದಪ್ಪೆಂದು ನೆಲ ಮುಟ್ಟಿತು. ಚೆನ್ನಪ್ಪ ಹಿಮ್ಮೆಟ್ಟಲಿಲ್ಲ. ಕಬ್ಬಿಣದ ಮುಚ್ಚಳ ತೆಗೆದು, ಅದರ ಜಾಗಕ್ಕೆ ಮನೋರಮೆಯ ಅನ್ನದ ಪಾತ್ರೆಯ ಅಲ್ಯೂಮಿನಿಯಂ ಮುಚ್ಚಳ ಕತ್ತರಿಸಿ ಹಾಕಿದ. ಬೋಲ್ಟುಗಳನ್ನು ಗಿಡ್ಡ ಮಾಡಿದ. ಕಬ್ಬಿಣದ ಪಟ್ಟಿಗೆಲ್ಲ ತೂತು ಕೊರೆದ. ಎಂಟು ದಿನದ ದುಡಿಮೆಯ ನಂತರ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು.

ಜಯಪಾಲನಿಗೆ ಫೋನು ಮಾಡಿದರೆ ಅವನು ಕುಂಬ್ಡಾಜೆಯಲ್ಲಿ. ಅಡಿಕೆ ಕೊಯ್ಲು ಮುಗಿಯದೆ ಬರುವುದಿಲ್ಲವಂತೆ. ಹತ್ತು ದಿನ ಬಿಟ್ಟು ಬಂದ. ಅವನ ಎದುರೇ ತೂಗಿದರೆ ಯಂತ್ರದ ತಟ್ಟೆ ಮತ್ತೆ ಕೆಳಗೆ!

"ನಾನು ಹೇಳಿದ್ದೆಂತ, ನೀವು ಮಾಡಿದ್ದೆಂತ?" ಎಂದು ಜಯಪಾಲ ಹೊರಟೇ ಹೋದ.

ಚೆನ್ನಪ್ಪ ಯಂತ್ರವನ್ನು ಮಗುಚಿ ನೋಡಿದ. ಯಂತ್ರಕ್ಕೆ ಅವನು ಒಂದು ಮೊಳೆಯನ್ನೂ ಸೇರಿಸಿರಲಿಲ್ಲ. ಧೂಳು ಕೂತಿರಬಹುದೆಂದು ಒರೆಸಿದ. ಸಮುದ್ರದ ಗಾಳಿಗೆ ತೇವ ಎಳೆದಿರಬಹುದೆಂದು ಅಂಗಡಿಯ ಬಿಸಿ ತಗಡಿನ ಮಾಡಿನ ಕೆಳಗೆ ಮೂರು ದಿನ ಇಟ್ಟ; ಕಾಯಿಗಳನ್ನೂ ಪಕ್ಕದಲ್ಲೇ ಇಟ್ಟ. ಮೂರು ದಿನ ಕಳೆದು ತೂಗಿದರೆ ಯಂತ್ರ ಮತ್ತಷ್ಟು ಭಾರ. ದಿನ ಹೋದಂತೆ ತೂಕ ಹೆಚ್ಚುವ ಯಂತ್ರವನ್ನು ಲೋಕದಲ್ಲಿ ಅವನೊಬ್ಬನೇ ಮಾಡಿದ್ದಿರಬೇಕು.

"ಅಂಗಡಿಯಲ್ಲಿ ಕೂತು ಕೂತು ನೀವೂ ಭಾರ ಆಗಿದ್ದೀರಿ" ಎಂದು ಮನೋರಮೆ ಒಳಗಿನಿಂದ ಹೇಳಿದಳು. ಪಾತ್ರೆಯ ಮುಚ್ಚಳದ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ.

ಉದಯಶಂಕರ ದಿನಾ ಸಂಜೆ ಬಂದು, ಕುರ್ಚಿ ಎಳೆದು ಕೂತು, "ಎಲ್ಲಿಗೆ ಬಂತು ಭಾವ?" ಎನ್ನುತ್ತಿದ್ದ. ಕೇಳಿದ ಮೇಲೆ ಒಮ್ಮೆ ಬೋರ್ಡಿನ ಕಡೆ ನೋಡುತ್ತಿದ್ದ. ಆ ನೋಟಕ್ಕೆ ಚೆನ್ನಪ್ಪನ ಪಿತ್ತ ನೆತ್ತಿಗೇರುತ್ತಿತ್ತು. ರಜೆ ಮುಗಿಯಲು ಉಳಿದದ್ದು ಎರಡೇ ವಾರ. ಅವನು ಹಲ್ಲು ಕಚ್ಚಿ ಬಾಲ ಬಿಚ್ಚಿದ. ಮುಳ್ಳು ಇನ್ನೂ ಸ್ವಲ್ಪ ವಾಲಿತ್ತು. ಡಯೋಡನ್ನೂ ಅದರ ದಪ್ಪ ತಟ್ಟೆಯನ್ನೂ ಕಿತ್ತು ಡಬ್ಬಕ್ಕೆ ಹಾಕಿದ. ಮುಳ್ಳು ನೆಟ್ಟಗಾಯಿತು. ಈ ಸಲ ಅವನು ಕಾಯಲಿಲ್ಲ. ಸ್ಕೂಟರಿನಲ್ಲಿ ಹೋಗಿ ಜಯಪಾಲನನ್ನು ಅಕ್ಷರಶಃ ಹಿಂದೆ ಕೂರಿಸಿಕೊಂಡು ಬಂದ.

ಯಂತ್ರ ಮೇಲೇರಿತು. ತಂತಿ ಕೆಳಗಿಳಿಯಿತು. ಮೆಟ್ಟಿಲಿನ ಕೆಳಗಿನ ಇನ್ವರ್ಟರ್ ಬ್ಯಾಟರಿಗೆ ಚೆನ್ನಪ್ಪ ತಂತಿ ಕೊಟ್ಟದ್ದೇ ತಡ, ಮೇಲಿನಿಂದ ಸದ್ದು ಬಂತು. ಓಡಿ ಬಂದು ನೋಡುತ್ತಾನೆ, ರೆಕ್ಕೆ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗುತ್ತಿದೆ! ಅವನ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷ ಮೋಟರು ತಿರುಗಿಸಿದವನಿಗೆ ಆ ಗಳಿಗೆಯಲ್ಲಿ ಮೋಟರು ಯಾವುದು, ಗಾಳಿಯಂತ್ರ ಯಾವುದು ಎಂಬ ವಿವೇಕ ಉಳಿಯಲಿಲ್ಲ. ಸಂತೋಷಕ್ಕೆ ಅಂಥದೊಂದು ಗುಣವುಂಟು.

ಮನೆಗೆ ಬರುವ ಕರೆಂಟಿನ ಮೇನ್ ಸ್ವಿಚ್ಚು ಬಂದ್ ಮಾಡಿ ತೋರಿಸಿದ. ಜಗಲಿಯ ಫ್ಯಾನು ತಿರುಗಿತು. ಉದಯಶಂಕರನ ಮುಖ ಹುಳಿ ಮಾವಿನಕಾಯಿ ಕಚ್ಚಿದ ಹಾಗಾಯಿತು.

"ಆದರೆ ಭಾವ, ಗಾಳಿಯೇ ಇಲ್ಲವಲ್ಲ?"

"ಇಲ್ಲಿ ಇಲ್ಲ. ಮೇಲೆ ಉಂಟು. ಗರಿ ನೋಡು!"

ನಿಜವೇ. ಊರಿನ ಬೇರೆಲ್ಲ ತೆಂಗಿನಮರಗಳು ಏಪ್ರಿಲಿನ ಬಿಸಿಲಿಗೆ ಗೋಡೆಗೆ ಬರೆದ ಚಿತ್ರದಂತೆ ನಿಂತಿದ್ದರೆ, ಚೆನ್ನಪ್ಪನ ಮರದಲ್ಲಿ ಯಂತ್ರದ ಎದುರಿನ ಎರಡು ಗರಿಗಳು ಕುಣಿಯುತ್ತಿದ್ದವು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಉದಯಶಂಕರ ಕುರ್ಚಿ ಎತ್ತಿ ಒಳಗಿಟ್ಟ.

ಸುದ್ದಿ ಮೀನು ಮಾರ್ಕೆಟಿಗೆ ಮುಟ್ಟಿತು, ಅಲ್ಲಿಂದ ಊರಿಗೆ. ನೆರೆಯವರು ಅಂಗಳದಲ್ಲಿ ನಿಂತು ಕತ್ತು ನೋಯುವವರೆಗೆ ಮೇಲೆ ನೋಡಿದರು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಜಯಪಾಲ. ಕರೆದರೂ ಬಾರದ ಮನುಷ್ಯ ಈಗ ಪ್ರತಿ ಮಧ್ಯಾಹ್ನ ಕರೆಯದೆ ಬರತೊಡಗಿದ. "ಮೆಷಿನು ಒಮ್ಮೆ ನೋಡಿ ಬರ್ತೇನೆ ಚೆನ್ನಪ್ಪಣ್ಣ, ದುಡ್ಡು ಗಿಡ್ಡು ಬೇಡ" ಎಂದು ಹತ್ತಿದರೆ ಒಂದು ಗಂಟೆ ಇಳಿಯುತ್ತಿರಲಿಲ್ಲ. ಗರಿಗಳ ಸಂದಿನಲ್ಲಿ ಕೂತು ಯಂತ್ರವನ್ನೇ ದಿಟ್ಟಿಸುತ್ತಿದ್ದ.

"ನಿಮ್ಮ ಕಂಪೆನಿಯಲ್ಲಿ ಇಂಥ ಮೆಂಟೆನೆನ್ಸು ಉಂಟಾ?" ಎಂದು ಚೆನ್ನಪ್ಪ ಉದಯಶಂಕರನನ್ನು ಚುಚ್ಚಿದ. "ಕ್ರೇನಿಗೆ ಯಂತ್ರದ ಮೇಲೆ ಪ್ರೀತಿ ಇರ್ತದಾ?"

ವಾರ್ಡಿನ ಮೆಂಬರ್ ಗಂಗಾ ಬಂದು ನೋಡಿ ರೋಮಾಂಚಿತಳಾದಳು. ಗ್ರಾಮಸಭೆಗೆ ಇಡಲು ಅವಳಿಗೆ ಯಾವ ಹೊಸ ಯೋಜನೆಯೂ ಇರಲಿಲ್ಲ.

"ಚೆನ್ನಪ್ಪಣ್ಣ, ನಮ್ಮ ವಾರ್ಡಿನಲ್ಲಿ ಎಷ್ಟು ತೆಂಗಿನಮರ ಉಂಟು ಗೊತ್ತುಂಟಾ? ಒಂದೊಂದಕ್ಕೆ ಒಂದೊಂದು ಇಟ್ಟರೆ! ಭಾನುವಾರ ಎಲ್ಲರನ್ನೂ ಕರೆದು ತೋರಿಸುವಾ. ಕರೆಂಟು ಆಫೀಸಿನ ಓವರ್‌ಸಿಯರನ್ನೂ ಕರೀತೇನೆ. ಅವರು ಒಂದು ಮಾತು ಹೇಳಿದರೆ ಫೈಲು ಓಡ್ತದೆ."

"ಅಷ್ಟೆಲ್ಲ ಎಂತಕ್ಕೆ ಗಂಗಕ್ಕ" ಎಂದು ಚೆನ್ನಪ್ಪ ಹೇಳಿದನಾದರೂ, ಅಂದು ಶುಕ್ರವಾರವಲ್ಲದಿದ್ದರೂ ಹೋಗಿ ಬೋರ್ಡು ಒರೆಸಿದ.

ಭಾನುವಾರ ಹನ್ನೆರಡು ಗಂಟೆ. ಮರುದಿನ ಉದಯಶಂಕರನ ವಿಮಾನ. ಅಂಗಳದಲ್ಲಿ ಐವತ್ತು ಜನ, ಎಲ್ಲರ ಕೈಯಲ್ಲಿ ಮನೋರಮೆ ಕೊಟ್ಟ ಶರಬತ್ತು. ಓವರ್‌ಸಿಯರ್ ಕೃಷ್ಣಕುಮಾರ ಕಣ್ಣೂರಿನ ಕಡೆಯವರು; ಹತ್ತು ವರ್ಷ ಇಲ್ಲಿದ್ದು ಕಲಿತ, ಮಲಯಾಳ ಬೆರೆತ ಕನ್ನಡ. ಅವರು ಮೇಲೆ ನೋಡಿದರು, ಸುತ್ತ ನೋಡಿದರು, ಹೆದ್ದಾರಿಯ ಬದಿಯಲ್ಲಿ ಜೋತುಬಿದ್ದಿದ್ದ ಪಕ್ಷದ ಬಾವುಟಗಳನ್ನು ನೋಡಿದರು.

"ಚೆನ್ನಪ್ಪೇಟ್ಟಾ, ಬಂದ್ಯೋಡಿನಲ್ಲಿ ಒಂದು ಇಲೆ ಕೂಡ ಅಲ್ಲಾಡುವುದಿಲ್ಲ. ನಿಮ್ಮದು ಮಾತ್ರ ಹೇಗೆ?"

"ಮೇಲೆ ಉಂಟು ಸಾರ್. ಗರಿ ನೋಡಿ."

"ಅದು ಶರಿ" ಎಂದರು ಓವರ್‌ಸಿಯರ್, ಆದರೆ ಹುಬ್ಬು ಕೆಳಗೆ ಇಳಿಯಲಿಲ್ಲ.

ಗಂಗಾ ಮೇಲೆ ಕೂತಿದ್ದ ಜಯಪಾಲನನ್ನು ಕಂಡು ಉತ್ಸಾಹದಿಂದ ಕೂಗಿದಳು. "ಜಯಪಾಲಾ! ಮೇಲೆ ಗಾಳಿ ಹೇಗುಂಟು? ಎಲ್ಲರಿಗೂ ಕೇಳುವ ಹಾಗೆ ಹೇಳು!"

"ಲಾಯ್ಕ ಉಂಟು ಗಂಗಕ್ಕ!" ಮರದಿಂದ ಉತ್ತರ ಬಂತು. "ಮೆಷಿನಿನ ಎದುರು ಕೂತರೆ ಭಾರೀ ತಂಪು! ಹಿಂದೆ ಹೋದರೆ ಮಾತ್ರ ಎಂತದೂ ಇಲ್ಲ, ಬೆವರು!"

ಅಂಗಳದಲ್ಲಿ ಶರಬತ್ತು ಕುಡಿಯುವ ಸದ್ದು ನಿಂತಿತು. ಓವರ್‌ಸಿಯರ್ ಲೋಟವನ್ನು ಕಟ್ಟೆಯ ಮೇಲಿಟ್ಟು, ಯಾರನ್ನೂ ಕೇಳದೆ ಮೆಟ್ಟಿಲಿನ ಕೆಳಗೆ ಹೋಗಿ, ಬ್ಯಾಟರಿಯಿಂದ ಮರದ ತಂತಿ ಬಿಡಿಸಿದರು.

ಮೇಲೆ ರೆಕ್ಕೆ ನಿಧಾನವಾಗಿ ನಿಂತಿತು. ಕುಣಿಯುತ್ತಿದ್ದ ಎರಡು ಗರಿಗಳೂ ನಿಂತವು. ಜಗಲಿಯ ಫ್ಯಾನು ಮಾತ್ರ ಏನೂ ಆಗದ ಹಾಗೆ ತಿರುಗುತ್ತಲೇ ಇತ್ತು.

"ಓಯ್!" ಜಯಪಾಲ ಮೇಲಿನಿಂದ ಕಿರುಚಿದ. "ಫ್ಯಾನು ಬಂದ್ ಮಾಡಿದ್ದು ಯಾರು?"

ಆಗ ಎದ್ದ ನಗುವಿನಲ್ಲಿ ಚೆನ್ನಪ್ಪನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಎಲ್ಲವೂ ಒಂದೇ ಸಲಕ್ಕೆ ಅವನಿಗೆ ಹೊಳೆದಿತ್ತು. ವಾಪಸು ಹೋಗುವ ಕರೆಂಟನ್ನು ತಡೆಯಬೇಕಿದ್ದ ಡಯೋಡು ಡಬ್ಬದೊಳಗಿತ್ತು. ಹದಿಮೂರು ದಿನದಿಂದ ಕರೆಂಟು ಆಫೀಸಿನ ಕರೆಂಟು ಬ್ಯಾಟರಿಗೆ ಹೋಗಿ, ಬ್ಯಾಟರಿಯಿಂದ ಮರ ಹತ್ತಿ, ಜಯಪಾಲನಿಗೆ ಗಾಳಿ ಬೀಸುತ್ತಿತ್ತು. ಇಡೀ ಬಂದ್ಯೋಡಿನಲ್ಲಿ ತೆಂಗಿನಮರಕ್ಕೆ ಫ್ಯಾನು ಹಾಕಿಸಿದವನು ಚೆನ್ನಪ್ಪನೊಬ್ಬನೇ.

ಅವನು ಶೆಡ್ಡಿನ ಮೂಲೆಯಿಂದ ಏಣಿ ತಂದ.

"ಭಾವ, ಬೇಡ" ಎಂದ ಉದಯಶಂಕರ. ಗೆದ್ದವನ ಮುಖ ಅವನದಾಗಿರಲಿಲ್ಲ. "ಊಟದ ಹೊತ್ತಿನ ಮಾತು ಅದು. ನಾನು ಮರೆತೇ ಬಿಟ್ಟಿದ್ದೇನೆ."

"ದಿನಾ ಸಂಜೆ ಬಂದು ಬೋರ್ಡು ನೋಡುವಾಗ ನೆನಪಿತ್ತಲ್ಲ?"

ಬೋರ್ಡು ಇಳಿಯಿತು. ಮೂವತ್ತು ವರ್ಷದ ತಗಡನ್ನು ಚೆನ್ನಪ್ಪ ಮಗುವನ್ನು ಎತ್ತಿದ ಹಾಗೆ ಎತ್ತಿ ಗೋಡೆಗೆ ಒರಗಿಸಿಟ್ಟ. ಜನ ನಗುವುದು ನಿಲ್ಲಿಸಿ, ಒಬ್ಬೊಬ್ಬರೇ ಲೋಟ ಇಟ್ಟು ಹೋದರು. ಗಂಗಾ ಫೈಲನ್ನು ಸೆರಗಿನ ಒಳಗೆ ಸೇರಿಸಿಕೊಂಡು ಹೋದಳು. ಓವರ್‌ಸಿಯರ್ ಮಾತ್ರ ಹೋಗಲಿಲ್ಲ. ತಾವು ತಂತಿ ಬಿಡಿಸಿದ್ದಕ್ಕೆ ಅವರಿಗೇ ಒಂಥರಾ ಆಗಿತ್ತು.

ಇಷ್ಟರಲ್ಲಿ ಮಧ್ಯಾಹ್ನದ ಪದಾರ್ಥಕ್ಕೆ ಅರೆಯಲು ಕಾಯಿ ಸಾಲದೆ ಮನೋರಮೆ ಅಂಗಡಿಗೆ ನುಗ್ಗಿ ತಕ್ಕಡಿಯ ಮೇಲಿನ ಕಾಯಿ ಎತ್ತಿಕೊಂಡಳು. ಎತ್ತಿದವಳೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಣಗಿದ ಸಿಪ್ಪೆ ಗರಗರ ಎಂದಿತು. ಒಳಗಿನ ನೀರೂ ಅರ್ಧಕ್ಕೆ ಇಳಿದಿತ್ತು.

"ಇದು ಒಣಗಿ ಹೋಗಿದೆಯಲ್ಲ! ಹೂವಿನ ಹಾಗೆ ಹಗುರ ಉಂಟು. ಇದನ್ನು ಇಟ್ಟುಕೊಂಡಾ ನೀವು ಇಷ್ಟು ದಿನ ತೂಗಿದ್ದು?"

ಚೆನ್ನಪ್ಪ ಕಾಯಿ ನೋಡಿದ. ಯಂತ್ರ ನೋಡಿದ. ಮತ್ತೆ ಕಾಯಿ ನೋಡಿದ.

"ಮೆಷಿನು ಭಾರ ಆದದ್ದಲ್ಲ. ಕಾಯಿ ಹಗುರ ಆದದ್ದು" ಎಂದಳು ಮನೋರಮೆ. "ಬಿಸಿ ತಗಡಿನ ಕೆಳಗೆ ಕಾಯಿ ಇಟ್ಟರೆ ಒಣಗ್ತದೆ ಅಂತ ಅಡುಗೆ ಮನೆಯಲ್ಲಿ ಯಾರನ್ನು ಕೇಳಿದರೂ ಹೇಳ್ತಿದ್ದರು. ಮತ್ತೆ ಆ ಡಯೋಡಂತೆ, ಎಂತದೋ ಅಂತೆ, ಅದು ಮರದ ಮೇಲೆಯೇ ಇರಬೇಕಾ? ಕೆಳಗೆ ಬ್ಯಾಟರಿಯ ಹತ್ತಿರ ಇಟ್ಟರೆ ಆಗುವುದಿಲ್ವಾ?"

ಓವರ್‌ಸಿಯರ್ ಕೆಮ್ಮಿದರು. "ಆಗ್ತದೆ" ಎಂದರು. "ಅಲ್ಲಿಯೇ ಇಡುವುದು."

ಚೆನ್ನಪ್ಪನಿಗೆ ಸಿಟ್ಟು ಬಂತು. ಹೆಂಡತಿಯ ಮೇಲಲ್ಲ, ಕಾಯಿಯ ಮೇಲಲ್ಲ, ಒಟ್ಟಾರೆ ಬಂತು. ಮರದ ಕಾಯಿಯೊಂದು ತನ್ನ ತೂಕವನ್ನು ತಾನೇ ಕಾಪಾಡಿಕೊಳ್ಳದಿದ್ದರೆ ಮನುಷ್ಯ ಯಾವುದನ್ನು ನಂಬುವುದು? ಅವನು ಎದ್ದು ಡಯೋಡನ್ನು ಮೆಟ್ಟಿಲಿನ ಕೆಳಗೆ ಬಿಗಿದ. ಜಯಪಾಲ ಹೊಸ ಎರಡು ಕಾಯಿ ಕೊಯ್ದು ಹಾಕಿ ಯಂತ್ರ ಇಳಿಸಿದ. ತೂಗಿದರೆ ಈಗ ಯಂತ್ರವೇ ಹಗುರ; ಬಾಲಕ್ಕೆ ಧಾರಾಳ ಅವಕಾಶವುಂಟು.

"ಬಾಲ ಎಲ್ಲಿ?" ಎಂದು ಕೇಳಿದ ಚೆನ್ನಪ್ಪ.

"ಗುಜರಿಯವ ಕೊಂಡು ಹೋದ" ಎಂದಳು ಮನೋರಮೆ. "ಮುಚ್ಚಳಕ್ಕೆ ಬದಲು."

ಭಾನುವಾರ, ಅಂಗಡಿಗಳಿಗೆ ಬಾಗಿಲು; ಹೊಸ ತಗಡು ಸಿಗುವುದಿಲ್ಲ. ಬೆಳಿಗ್ಗೆಯಾದರೆ ಉದಯಶಂಕರ ಇರುವುದಿಲ್ಲ. ಎಲ್ಲರ ಕಣ್ಣೂ ಹುಡುಕಿ ಹುಡುಕಿ, ಕೊನೆಗೆ ಗೋಡೆಗೆ ಒರಗಿದ ತಗಡಿನ ಮೇಲೆ ನಿಂತಿತು. ಚೆನ್ನಪ್ಪನೇ ಎದ್ದು, ಅದಕ್ಕೆ ಬಾಲಕ್ಕೆಂದು ಎರಡು ತೂತು ಕೊರೆದ. ತಕ್ಕಡಿಯ ಮುಳ್ಳೂ ಒಪ್ಪಿತು.

ಎರಡೂವರೆಗೆ ಸಮುದ್ರದ ಗಾಳಿ ಎದ್ದಿತು. ಊರಿನ ಎಲ್ಲ ಗರಿಗಳೂ ಅಲ್ಲಾಡಿದವು. ಮರದ ತುದಿಯಲ್ಲಿ 'ಜ್ಯೋತ್ಸ್ನಾ ವೈಂಡಿಂಗ್ ವರ್ಕ್ಸ್' ನಿಧಾನಕ್ಕೆ ಹೊರಳಿ ಯಂತ್ರದ ಮುಖವನ್ನು ಪಡುವಣಕ್ಕೆ ತಿರುಗಿಸಿತು, ರೆಕ್ಕೆ ಸುತ್ತತೊಡಗಿತು. ಸಂಶಯವೇ ಬೇಡವೆಂದು ಓವರ್‌ಸಿಯರ್ ಬ್ಯಾಟರಿಯನ್ನು ದೂರ ಇಟ್ಟು, ಉದಯಶಂಕರನ ಕಾರಿನ ಸಣ್ಣ ಫ್ಯಾನನ್ನು ನೇರ ತಂತಿಗೇ ಕೊಟ್ಟರು. ಅದು ಒಮ್ಮೆ ನಡುಗಿ, ನಿಂತು, ಮತ್ತೆ ತಿರುಗಿತು. ನೊಣ ಓಡಿಸುವಷ್ಟು ಗಾಳಿ. ಆದರೂ ಅದು ಗಾಳಿಯ ಕರೆಂಟಿನ ಗಾಳಿ.

ಉದಯಶಂಕರ ಎದ್ದು ಬಂದು ಭಾವನ ಕೈ ಹಿಡಿದ. "ತಿರುಗಿತು ಭಾವ. ನಾನು ಸೋತೆ. ಫ್ಯಾನು ತಿರುಗುವಷ್ಟು ದಿನ ಬೋರ್ಡು ಅದರ ಜಾಗದಲ್ಲಿ ಇರ್ತದೆ ಅಂತ ನೀವೇ ಹೇಳಿದ್ದಲ್ವಾ? ಈಗಲೇ ಬೋರ್ಡು ಮೇಲೆ ಹಾಕಿ."

"ಹಾಕುವಾ" ಎಂದು ಚೆನ್ನಪ್ಪ ಎದೆಯುಬ್ಬಿಸಿ ಏಣಿ ಎತ್ತಿದ. ಎರಡು ಹೆಜ್ಜೆ ನಡೆದು ನಿಂತ. ಮರದ ತುದಿ ನೋಡಿದ. "ಬೋರ್ಡು ತೆಗೆದರೆ ಫ್ಯಾನು ನಿಲ್ತದೆ."

"ನಿಂತರೆ ಬೋರ್ಡು ಇಳಿಸಬೇಕು" ಎಂದ ಉದಯಶಂಕರ ಯೋಚಿಸುತ್ತಾ.

"ಇಳಿಸಿದರೆ ಅದನ್ನು ಬಾಲ ಮಾಡಬಹುದು" ಎಂದರು ಓವರ್‌ಸಿಯರ್.

"ಮಾಡಿದರೆ ಫ್ಯಾನು ತಿರುಗ್ತದೆ. ತಿರುಗಿದರೆ ಬೋರ್ಡು..." ಚೆನ್ನಪ್ಪ ಏಣಿಯನ್ನು ಹೆಗಲಿನಿಂದ ಇಳಿಸಿದ, ಮತ್ತೆ ಎತ್ತಿದ, ಮತ್ತೆ ಇಳಿಸಿದ.

"ಏನು ಬೇಕಾದರೂ ಮಾಡಿ" ಎಂದ ಜಯಪಾಲ, ಎಲೆಗೆ ಸುಣ್ಣ ಹಚ್ಚುತ್ತಾ. "ಆದರೆ ಇನ್ನು ನಾನು ಹತ್ತುವುದಕ್ಕೆ ಕೂಲಿ ಕೊಡಬೇಕು. ಮೇಲೆ ಈಗ ಮೊದಲಿನ ತಂಪು ಇಲ್ಲ."

ಆಗಲೇ ರಸ್ತೆಯಲ್ಲಿ ಒಂದು ರಿಕ್ಷಾ ನಿಂತಿತು. ಸುಟ್ಟ ಪಂಪಿನ ಮೋಟರನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರು ತಲೆ ಹೊರಗೆ ಹಾಕಿದರು. ಅಗಲ್ಪಾಡಿಯಿಂದ ಬಂದವರಂತೆ, ಈಶ್ವರಪ್ರಸಾದ ಎಂದು ಹೆಸರಂತೆ, ಬೋರ್ಡು ಕಾಣದೆ ಈ ರಸ್ತೆಯಲ್ಲಿ ಮೂರು ಸಲ ಹೋಗಿ ಬಂದರಂತೆ.

"ಇಲ್ಲಿ ಒಂದು ವೈಂಡಿಂಗ್ ಅಂಗಡಿ ಉಂಟಂತಲ್ಲ, ಎಲ್ಲಿ?"

ಚೆನ್ನಪ್ಪ ಏಣಿಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯ ಬೆರಳನ್ನು ತೆಂಗಿನಮರದ ತುದಿಗೆ ತೋರಿಸಿದ.